ಪಕ್ಷಿರಾಜಪುರದವರ ಟೋಗೋ

ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2017ರ ಜನವರಿಯಲ್ಲಿ ಶುರುವಾದವು. ಒಂದು ಗುಜರಾತಿನ ದಾಹೋದ್‌ನಲ್ಲಿ, ಇನ್ನೊಂದು ಮೈಸೂರಿನಲ್ಲಿ, ಅದೂ ನಮ್ಮ ಮೇಟಗಳ್ಳಿ ಅಂಚೆ ಕಚೇರಿಯಲ್ಲಿ. ಆ ಕಡೆಯೇ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ನಾನು ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುತ್ತೇನೆ. ಯಾವ ದೇಶಕ್ಕೆ ಎಂದು ಕೇಳಿದರೆ ಹೆಚ್ಚಿನವರು ಅಮೆರಿಕ, ದುಬೈ ಅನ್ನುತ್ತಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಬುಡಕಟ್ಟಿನ ಹೆಂಗಸರು ಹೇಳುವ ಊರುಗಳನ್ನು ಮಾತ್ರ ನಾನು ಭೂಪಟ ತೆಗೆದು ಹುಡುಕಬೇಕು.

ಹಾಗೆ ಹುಡುಕಿದ್ದು ಟೋಗೋ. ಘಾನಾ ಮತ್ತು ಬೆನಿನ್ ನಡುವೆ ದಕ್ಷಿಣದಿಂದ ಉತ್ತರಕ್ಕೆ ಉದ್ದಕ್ಕೆ ಚಾಚಿದ ದೇಶ. ವಿಸ್ತೀರ್ಣ ಸುಮಾರು 56,800 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಪಾಲೂ ಇಲ್ಲ. 1960ರಲ್ಲಿ ಫ್ರೆಂಚರಿಂದ ಸ್ವತಂತ್ರವಾಯಿತು. ಕಚೇರಿ ಭಾಷೆ ಈಗಲೂ ಫ್ರೆಂಚ್. ರಾಜಧಾನಿ ಲೋಮೆ ಕಡಲಂಚಿನಲ್ಲಿ, ಘಾನಾ ಗಡಿಗೆ ಅಂಟಿಕೊಂಡೇ ಇದೆ.

"ಅಲ್ಲಿ ಬೈಕೇ ಟ್ಯಾಕ್ಸಿ ಅಕ್ಕಾ. ಎಣ್ಣೆ ಬಾಟ್ಲಿ ಚೀಲ ಮಡಿಲಲ್ಲಿ ಇಟ್ಕೊಂಡು ಹಿಂದೆ ಕೂತ್ಕೊಳ್ಳೋದು. ಬೇರು, ತೊಗಟೆ ಮಾರೋರು ನಮ್ಮಂಗೇ ನೆಲದಲ್ಲಿ ಕೂತಿರ್ತಾರೆ" ಎಂದರು ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಿದ್ದ ಒಬ್ಬಾಕೆ. ಲೋಮೆಯ ಅಕೊಡೆಸ್ಸೆವಾ ಸಂತೆ ನಾಟಿ ಔಷಧಿಗೇ ಹೆಸರಾದದ್ದು. ಫ್ರೆಂಚ್ ಬರುತ್ತದೆಯೇ ಎಂದೆ. ಲೆಕ್ಕಕ್ಕೆ ಬೇಕಾದಷ್ಟು ಬರುತ್ತದಂತೆ. ಮನೆಯಲ್ಲಿ ವಾಗ್ರಿ, ಪೇಟೆಯಲ್ಲಿ ಕನ್ನಡ, ಜೊತೆಗೆ ಹಿಂದಿ, ತಮಿಳು ಆಡುವವರಿಗೆ ಇನ್ನೊಂದು ನುಡಿ ಹೊರೆಯಲ್ಲ.

ಹಕ್ಕಿಪಿಕ್ಕಿಗಳ ಹಿರಿಯರು ಗುಜರಾತ್, ರಾಜಸ್ಥಾನದ ಕಡೆಯಿಂದ ದಕ್ಷಿಣಕ್ಕೆ ಬಂದವರು. ಹಕ್ಕಿ ಹಿಡಿಯುವುದು, ಬೇಟೆಯಾಡುವುದು ಕಸುಬಾಗಿತ್ತು. 1972ರ ವನ್ಯಜೀವಿ ಕಾಯ್ದೆ ಅದನ್ನು ನಿಲ್ಲಿಸಿತು. ಕಾಯ್ದೆ ಬೇಕಿತ್ತು, ಆದರೆ ಕಸುಬು ಕಳೆದುಕೊಂಡವರಿಗೆ ಇನ್ನೊಂದು ದಾರಿ ತೋರಿಸುವ ಕೆಲಸ ಅಷ್ಟೇ ಚುರುಕಾಗಿ ನಡೆಯಲಿಲ್ಲ. ದಾರಿಯನ್ನು ಅವರೇ ಹುಡುಕಿಕೊಂಡರು: ಗಿಡಮೂಲಿಕೆ, ತಲೆಗೂದಲಿನ ಎಣ್ಣೆ, ಮಾಲೀಶು. ಮೊದಲು ಸಿಂಗಪುರ, ಥಾಯ್ಲೆಂಡ್, ಆಮೇಲೆ ಆಫ್ರಿಕ. ಅನೇಕರು ಬಡ್ಡಿ ಸಾಲ ಮಾಡಿ ಟಿಕೆಟ್ ಕೊಳ್ಳುತ್ತಾರೆ. ಇಷ್ಟು ಧೈರ್ಯದ ವ್ಯಾಪಾರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾಗದಪತ್ರವೇ ಇವರಿಗೆ ತೊಡಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಬೇಕಾದ) ದರ್ಜೆಯದು. ಅಂಥವರು ಸುಡಾನ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ಅನುಮತಿ ಬೇಕು. ಟೋಗೋ ಆ ಪಟ್ಟಿಯಲ್ಲಿಲ್ಲ. ಆದರೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವುದಕ್ಕೆ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಹಳದಿ ಪುಸ್ತಕ ಕಳೆದುಕೊಂಡರೆ ವಾಪಸು ಬರುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲೂ ತಡೆಯುತ್ತಾರೆ.

2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ ಎಲ್ ಫಾಶರ್ ಮತ್ತಿತರ ಕಡೆ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದರು. ಆಪರೇಷನ್ ಕಾವೇರಿ ಎಂಬ ತೆರವು ಕಾರ್ಯಾಚರಣೆಯಲ್ಲಿ ಅವರನ್ನು ಕರೆತರಲಾಯಿತು. ಅಂದಿನಿಂದ ಅರ್ಜಿ ತುಂಬಿದ ಮೇಲೆ, ಅವರು ಹೋಗುವ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರನ್ನೂ ಬರೆದುಕೊಡುತ್ತೇನೆ. ಲೋಮೆಯಲ್ಲೂ ಈಗ ಅಂಥ ಕಚೇರಿಯಿದೆ. ಇಳಿದ ಕೂಡಲೇ ಅಲ್ಲಿ ಹೆಸರು ಬರೆಸಿ ಅನ್ನುತ್ತೇನೆ. ಪಾಸ್‌ಪೋರ್ಟ್ ಇಲಾಖೆಗೆ ಸಂಚಾರಿ ವ್ಯಾನುಗಳಿವೆ. ಒಂದು ವ್ಯಾನು ಪಕ್ಷಿರಾಜಪುರಕ್ಕೇ ಹೋಗಿ, ಲಸಿಕೆ, ವೀಸಾ, ಹೆಸರು ನೋಂದಣಿ ಎಲ್ಲವನ್ನೂ ವಾಗ್ರಿ ಬಲ್ಲವರಿಂದ ಹೇಳಿಸಬೇಕು. ನನ್ನ ಅಂಗಡಿಗೆ ನಾಲ್ಕು ಗಿರಾಕಿ ಕಡಿಮೆಯಾದರೂ ಆಗಲಿ.