ನಿಂಬೆ, ಕಿತ್ತಳೆಯ ಅತ್ತರು: ಕುತ್ತಿಗೆಗಲ್ಲ, ಬಟ್ಟೆಗೆ ಹಚ್ಚಿ

ಜುಮಾಕ್ಕೆ ಹೊರಡುವ ಹೊತ್ತು. ಸ್ನಾನ ಮುಗಿಸಿ, ಮಿಸ್ವಾಕ್ ಮಾಡಿ, ಒಗೆದ ಬಟ್ಟೆ ತೊಟ್ಟು ಅತ್ತರಿನ ಬಾಟಲಿಗೆ ಕೈ ಹಾಕುತ್ತೀರಿ. ಊದ್, ಗುಲಾಬಿ, ಕಸ್ತೂರಿಯ ಪಕ್ಕದಲ್ಲಿ ಈಗ ನಿಂಬೆ, ಕಿತ್ತಳೆ, ಬರ್ಗಮಾಟ್ ಪರಿಮಳದ ಬಾಟಲಿಯೂ ಇರುತ್ತದೆ. ಬೇಸಗೆಯ ಸೆಖೆಯಲ್ಲೂ ಅದು ತಲೆ ಭಾರ ಮಾಡುವುದಿಲ್ಲ. ಇದು ಗಂಡಸರದ್ದು, ಅದು ಹೆಂಗಸರದ್ದು ಎಂಬ ಭೇದವೂ ಅದಕ್ಕಿಲ್ಲ. ಮನೆಯೊಳಗೆ ಪತಿ ಪತ್ನಿಯರಿಬ್ಬರಿಗೂ ಒಂದೇ ಬಾಟಲಿ ಸಾಕು.

ಈ ಇಷ್ಟ ಹೊಸತಲ್ಲ. ಕುರ್‌ಆನ್ ಓದುವ ಸತ್ಯವಿಶ್ವಾಸಿಯನ್ನು ಪ್ರವಾದಿ(ಸ)ರು ರುಚಿಯೂ ಪರಿಮಳವೂ ಚೆನ್ನಾಗಿರುವ 'ಉತ್ರುಜ್ಜ'ಕ್ಕೆ ಹೋಲಿಸಿದ್ದಾರೆ. ಅದು ನಮ್ಮ ಮಾದಲ ಹಣ್ಣು, ನಿಂಬೆಯ ಬಳಗದ್ದೇ. 1709ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಆರಂಭವಾದ ಫರೀನಾ ಮನೆತನದ 'ಕಲೋನ್ ನೀರು' ಇದೇ ಹಣ್ಣುಗಳ ಸಿಪ್ಪೆಯೆಣ್ಣೆಯಿಂದ ಹೆಸರಾಯಿತು. ತುರ್ಕಿಯಲ್ಲಿ ಇಂದಿಗೂ ಹಬ್ಬಕ್ಕೆ ಬಂದ ಅತಿಥಿಯ ಅಂಗೈಗೆ ಮೊದಲು ಸುರಿಯುವುದು ನಿಂಬೆಯ 'ಕೊಲೋನ್ಯ'.

ಆದರೆ ಈ ಪರಿಮಳ ಬಹಳ ಹೊತ್ತು ನಿಲ್ಲುವುದಿಲ್ಲ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ 90 ಶೇಕಡಕ್ಕಿಂತ ಹೆಚ್ಚು ಇರುವುದು ಲಿಮೊನೀನ್. ಅದು ಬೇಗನೆ ಆವಿಯಾಗುತ್ತದೆ. ಹಚ್ಚಿದ ಕೂಡಲೇ ಮೂಗಿಗೆ ಬಡಿಯುವುದೂ, ಸ್ವಲ್ಪ ಹೊತ್ತಿಗೆ ಮಾಯವಾಗುವುದೂ ಇದೇ ಕಾರಣಕ್ಕೆ. 'ಪರಿಮಳ ಹೋಯಿತು' ಎಂದು ನಾವು ಮತ್ತೆ ಮತ್ತೆ ಕುತ್ತಿಗೆಗೆ, ಕಿವಿಯ ಹಿಂದೆ ಉಜ್ಜಿಕೊಳ್ಳುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಬರ್ಗಮಾಟ್ ಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬ ಅಂಶವಿದೆ. ಹಿಂಡಿ ತೆಗೆದ ನಿಂಬೆ ಎಣ್ಣೆಯಲ್ಲೂ ಇಂಥ ಅಂಶಗಳಿವೆ. ಇವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಆ ಜಾಗ ಸುಟ್ಟಂತೆ ಕೆಂಪಾಗುತ್ತದೆ, ಗುಳ್ಳೆ ಏಳಬಹುದು. ಆಮೇಲೆ ಉಳಿಯುವ ಕಂದು ಕಲೆ ಮಾಯಲು ತಿಂಗಳುಗಳೇ ಬೇಕು. ಇದು ಅಲರ್ಜಿಯಲ್ಲ, ಎಣ್ಣೆ ಮತ್ತು ಬಿಸಿಲು ಸೇರಿದರೆ ಯಾರಿಗೂ ಆಗಬಹುದು. ಆದ್ದರಿಂದಲೇ ಸುಗಂಧ ಉದ್ಯಮದ ಅಂತಾರಾಷ್ಟ್ರೀಯ ನಿಯಮದಂತೆ, ಚರ್ಮದಲ್ಲಿ ಉಳಿಯುವ ಉತ್ಪನ್ನಗಳಲ್ಲಿ ಸಾಮಾನ್ಯ ಬರ್ಗಮಾಟ್ ಎಣ್ಣೆ 0.4 ಶೇಕಡ ಮೀರಬಾರದು.

ಇಲ್ಲಿ ನಾವು ಒಂದು ತಪ್ಪು ತಿಳಿದಿದ್ದೇವೆ. 'ಆಲ್ಕೋಹಾಲ್ ಇಲ್ಲ, ಬರೀ ಅತ್ತರು, ಆದ್ದರಿಂದ ಚರ್ಮಕ್ಕೆ ಹಾನಿಯಿಲ್ಲ' ಎನ್ನುತ್ತೇವೆ. ಆಲ್ಕೋಹಾಲ್ ಇರುವ ಸುಗಂಧದ ವಿಧಿಯ ಬಗ್ಗೆ ನಿಮ್ಮ ಉಸ್ತಾದರನ್ನು ಕೇಳಿ ನಡೆಯಿರಿ. ಆದರೆ ಚರ್ಮದ ಲೆಕ್ಕ ಬೇರೆ. ಸ್ಪ್ರೇಯಲ್ಲಿ ಸುಗಂಧದೆಣ್ಣೆ ತೆಳುವಾಗಿರುತ್ತದೆ, ಅತ್ತರಿನಲ್ಲಿ ಗಟ್ಟಿಯಾಗಿರುತ್ತದೆ. ಒಂದೇ ಹನಿ ಸಾಕಾಗುವುದೂ ಅದಕ್ಕೇ, ಅದೇ ಹನಿ ಚರ್ಮಕ್ಕೆ ಹೆಚ್ಚಾಗುವುದೂ ಅದಕ್ಕೇ.

ಹಾಗಾದರೆ ಏನು ಮಾಡಬೇಕು?

ಹಗಲು ಹೊರಗೆ ಹೋಗುವಾಗ ಬಟ್ಟೆಗೆ ಹಚ್ಚಿ. ಬಿಳಿ ಬಟ್ಟೆಯಲ್ಲಿ ಎಣ್ಣೆ ಕಲೆ ಬೀಳುವುದರಿಂದ ಅಂಗಿಯ ಕೆಳಅಂಚಿನ ಮಡಿಕೆ ಒಳ್ಳೆಯದು. ಬಟ್ಟೆಯಲ್ಲಿ ಪರಿಮಳ ಹೆಚ್ಚು ಹೊತ್ತು ಉಳಿಯುತ್ತದೆ ಕೂಡ. ಚರ್ಮಕ್ಕೆ ಹಚ್ಚಲೇಬೇಕೆಂದಿದ್ದರೆ ಇಶಾ ನಂತರ, ಮನೆಯೊಳಗೆ ಹಚ್ಚಿ, ಬೆಳಿಗ್ಗೆ ತೊಳೆದುಕೊಳ್ಳಿ. ಕ್ಷೌರ ಮಾಡಿದ ಜಾಗಕ್ಕೆ, ಮಕ್ಕಳ ಮೈಗೆ ಬೇಡ. ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಪಾಟಿನಲ್ಲಿಡಿ. ಗಾಳಿಗೆ ಕೆಟ್ಟ ಲಿಮೊನೀನ್ ತುರಿಕೆ, ಅಲರ್ಜಿ ತರಬಲ್ಲದು. ವಾಸನೆ ಬದಲಾಗಿದ್ದರೆ ಎಸೆದುಬಿಡಿ. ಕಲೆಯೋ ಗುಳ್ಳೆಯೋ ಕಂಡರೆ ಆ ಜಾಗಕ್ಕೆ ಬಿಸಿಲು ತಾಗಿಸದೆ ಚರ್ಮದ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರಬಾರದೆಂದು ಪ್ರವಾದಿ(ಸ)ರು ತಿಳಿಸಿದ್ದು ಪಕ್ಕದವರಿಗೆ ತೊಂದರೆಯಾಗಬಾರದೆಂದು. ನಿಮ್ಮ ಸಾಲಿನಲ್ಲಿ ಉಬ್ಬಸವಿರುವ ಹಿರಿಯರೊಬ್ಬರು ನಿಂತಿರಬಹುದು. ಅತಿಯಾದ ಸುಗಂಧವೂ ಅವರ ಉಸಿರು ಕಟ್ಟಿಸೀತು. ಬೆವರನ್ನು ತೊಳೆಯುವುದು ನೀರು, ಅತ್ತರಲ್ಲ. ಸ್ನಾನ ಮೊದಲು, ಪರಿಮಳ ಕೊನೆಗೆ, ಅದೂ ಒಂದೇ ಹನಿ.