ಹೊಸ ಹಚ್ಚೆ ಮಾಯುವವರೆಗೆ

ಜಾತ್ರೆ ಮುಗಿದು ವಾರ ಕಳೆಯುವುದರೊಳಗೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ತರುಣರಲ್ಲಿ ಒಬ್ಬಿಬ್ಬರಾದರೂ ಅಂಗಿಯ ತೋಳನ್ನು ಮೇಲೆ ಸರಿಸಿ ಹೊಸ ಹಚ್ಚೆಯನ್ನು ತೋರಿಸುತ್ತಾರೆ. ತ್ರಿಶೂಲ, ನಂದಿ, ಓಂಕಾರ, ತಾಯಿಯ ಹೆಸರು, ಕೆಲವೊಮ್ಮೆ ಕುದುರೆಯೇರಿದ ಬಸವಣ್ಣನವರ ಚಿತ್ರ. ಹಾಕಿಸಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆಯನ್ನು ಮನೆಯ ಹಿರಿಯರಿಗೆ ಬಿಡೋಣ. ಹಾಕಿಸಿಕೊಂಡ ಮೇಲೆ ಮೊದಲ ಮೂರು ನಾಲ್ಕು ವಾರ ಅದನ್ನು ಹೇಗೆ ಆರೈಕೆ ಮಾಡಬೇಕೆಂಬುದನ್ನು ಮಾತ್ರ ಇಲ್ಲಿ ಹೇಳುತ್ತೇವೆ. ಈ ಲೇಖನಕ್ಕೆ ನಮ್ಮದೇ ಒಂದು ತಪ್ಪು ಕಾರಣ. ಅದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಯುಕ್ತ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಪದವಿ ತರಗತಿಯಲ್ಲಿ ಓದುತ್ತಿದ್ದ ಮಗನನ್ನು ಕರೆತಂದರು. ಮೊಣಕೈಯಿಂದ ಭುಜದವರೆಗೆ ನಂದಿಯ ಚಿತ್ರ. ಹಾಕಿಸಿ ಒಂದು ದಿನವಾಗಿತ್ತು. “ಡಾಕ್ಟರೇ, ಅರಿಶಿನ ಹಚ್ಚಬಹುದಲ್ಲವೇ? ಪೂಜೆಯ ವಿಭೂತಿಯನ್ನೂ ಮೇಲೆ ಸವರುತ್ತೇನೆ” ಎಂದು ಕೇಳಿದರು. ಹೊರಗೆ ರೋಗಿಗಳು ಸಾಲಾಗಿ ಕಾಯುತ್ತಿದ್ದರು. ನಾವು ಆ ತೋಳನ್ನು ಸರಿಯಾಗಿ ನೋಡದೆಯೇ “ಆಗಲಿ ತಾಯಿ, ಹಚ್ಚಿ” ಎಂದುಬಿಟ್ಟೆವು. ಆರನೆಯ ದಿನ ಹುಡುಗ ಜ್ವರದಿಂದ ನಡುಗುತ್ತ ಬಂದ. ತೋಳು ಬಾತುಕೊಂಡಿತ್ತು, ಒಣಗಿದ ಅರಿಶಿನದ ಪದರದ ಕೆಳಗೆ ಕೀವು ತುಂಬಿತ್ತು, ಕಂಕುಳಲ್ಲಿ ಗಂಟು ಕಟ್ಟಿತ್ತು. ಅಂದೇ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆವು. ಅವರು ಕೀವು ತೆಗೆದು ಆ್ಯಂಟಿಬಯೋಟಿಕ್ ಕೊಟ್ಟರು. ಪೂರ್ತಿ ಗುಣವಾಗಲು ಒಂದು ತಿಂಗಳು ಹಿಡಿಯಿತು. ನಂದಿಯ ಮುಖವಿದ್ದೆಡೆ ಈಗ ಉಬ್ಬಿದ ಕಲೆಯೊಂದಿದೆ. ಆ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವು ತಂದಿತು.

ಹಚ್ಚೆಯನ್ನು ನಾವು ಚಿತ್ರವೆಂದು ಕಾಣುತ್ತೇವೆ. ಶರೀರಕ್ಕೆ ಅದು ಗಾಯ. ಇಂದಿನ ವಿದ್ಯುತ್ ಯಂತ್ರದ ಸೂಜಿ ನಿಮಿಷಕ್ಕೆ ಸಾವಿರಾರು ಬಾರಿ ಚರ್ಮವನ್ನು ಚುಚ್ಚುತ್ತದೆ. ಹೊರಚರ್ಮವನ್ನು ದಾಟಿ ಒಂದೆರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಶಾಯಿಯನ್ನು ಇಳಿಸುತ್ತದೆ. ಹೊರಚರ್ಮ ಸದಾ ಸವೆದು ಹೊಸದಾಗುತ್ತಿರುತ್ತದೆ. ಒಳಚರ್ಮದಲ್ಲಿ ರಕ್ಷಕ ಕೋಶಗಳು ಶಾಯಿಯ ಕಣಗಳನ್ನು ನುಂಗಿ ಹಿಡಿದುಕೊಳ್ಳುವುದರಿಂದ ಚಿತ್ರ ವರ್ಷಗಟ್ಟಲೆ ಉಳಿಯುತ್ತದೆ. ಆಯುರ್ವೇದದ ಭಾಷೆಯಲ್ಲಿ ಇದು ಆಗಂತುಜ ವ್ರಣ, ಎಂದರೆ ಹೊರಗಿನ ಆಘಾತದಿಂದಾದ ಗಾಯ. ಸುಶ್ರುತಾಚಾರ್ಯರು ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದ್ದಾರೆ. ವ್ರಣಿಯಾದವನು ಹೇಗಿರಬೇಕೆಂಬುದಕ್ಕೆ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಮಲಗುವ ಮನೆ ಶುಚಿಯಾಗಿರಬೇಕು, ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳಿಂದ ದಿನಕ್ಕೆರಡು ಬಾರಿ ಧೂಪ ಹಾಕಬೇಕು, ಗಾಯವನ್ನು ಕೆರೆಯಬಾರದು, ಚುಚ್ಚಬಾರದು ಎಂಬುದೆಲ್ಲ ಅಲ್ಲಿದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಶುಚಿತ್ವಕ್ಕೆ ಅವರು ಕೊಟ್ಟ ಸ್ಥಾನವನ್ನು ನೆನೆದಾಗಲೆಲ್ಲ, ಆ ದಿನ ನಾವು ಆಡಿದ ಮಾತಿಗೆ ಮತ್ತಷ್ಟು ನಾಚಿಕೆಯಾಗುತ್ತದೆ.

ಹಾಗಾದರೆ ಅರಿಶಿನ ಕೆಟ್ಟದ್ದೇ ಎಂದು ವಾಚಕರು ಕೇಳಬಹುದು. ಅರಿಶಿನದ ಗುಣದಲ್ಲಿ ನಮಗೆ ಸಂದೇಹವಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿದೆ ಸಂದೇಹ. ಒದ್ದೆ ಚಮಚ ಅದ್ದಿದ, ಹಲವು ಕೈ ತಾಗಿದ, ಅಂಗಡಿಯಿಂದ ತಂದ ಪುಡಿಯಲ್ಲಿ ರೋಗಾಣುಗಳೂ ಇರಬಹುದು, ಬಣ್ಣದ ಕಲಬೆರಕೆಯೂ ಇರಬಹುದು. ಅದು ಒಣಗಿ ಗಟ್ಟಿಯಾದಾಗ ಒಸರುವ ರಸಿಕೆ ಹೊರಬರಲಾರದೆ ಒಳಗೇ ನಿಲ್ಲುತ್ತದೆ. “ನಮ್ಮ ಅಜ್ಜಿಯ ಹಣೆಗೂ ಮುಂಗೈಗೂ ಹಚ್ಚೆ ಹೊಯ್ದು ಅರಿಶಿನವನ್ನೇ ಹಚ್ಚಿದ್ದರಲ್ಲ” ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇವೆ. ನಿಜ. ಆದರೆ ಅಜ್ಜಿಯದು ನಾಲ್ಕಾರು ಚುಕ್ಕೆ, ಒಂದೆರಡು ಗೆರೆ. ಮೊಮ್ಮಗನದು ಇಡೀ ತೋಳು. ಅಂದು ಕೀವಾಗಿ ನರಳಿದವರ ಕಥೆ ನಮ್ಮವರೆಗೆ ಬಂದಿಲ್ಲ ಎಂಬುದನ್ನೂ ಮರೆಯಬಾರದು.

ವಿಭೂತಿಯ ಬಗೆಗೆ ಭಕ್ತಾದಿಗಳಲ್ಲಿ ವಿಶೇಷ ವಿನಂತಿಯಿದೆ. ಭಸ್ಮ ಕ್ಷಾರಗುಣವುಳ್ಳದ್ದು, ಹಸಿ ಚರ್ಮವನ್ನು ಒಣಗಿಸಿ ಉರಿಸುತ್ತದೆ, ಅದರ ನುಣುಪು ಕಣಗಳು ಗಾಯದಲ್ಲಿ ಸಿಲುಕುತ್ತವೆ. ಹಚ್ಚೆ ಮಾಯುವವರೆಗೆ ಆ ಜಾಗವೊಂದನ್ನು ಬಿಟ್ಟು ಉಳಿದೆಡೆ ಧರಿಸಬೇಕು. ಗಾಯಗೊಂಡವನಿಗೆ ಇಷ್ಟು ವಿನಾಯಿತಿಯನ್ನು ಯಾವ ಹಿರಿಯರೂ ನಿರಾಕರಿಸಲಾರರು. ಎಡಗೈಯ ಮಣಿಕಟ್ಟಿನ ಮೇಲೆ ಹಚ್ಚೆ ಹಾಕಿಸಿಕೊಂಡವರು ಇಷ್ಟಲಿಂಗ ಪೂಜೆಯ ವೇಳೆ ಅಭಿಷೇಕದ ನೀರು ಅಂಗೈಯಿಂದ ಗಾಯದ ಮೇಲೆ ಹರಿಯದಂತೆ ನೋಡಿಕೊಳ್ಳಬೇಕು. ಸ್ವಚ್ಛವಾದ ಗಾಜುಬಟ್ಟೆಯನ್ನು ಸಡಿಲವಾಗಿ ಸುತ್ತಿಕೊಂಡು, ಪೂಜೆ ಮುಗಿದ ಕೂಡಲೇ ತೆಗೆಯಬೇಕು. ಕೊರಳ ಕೆಳಗೆ, ಎದೆಯ ಮೇಲೆ ಹಾಕಿಸಿಕೊಂಡವರಿಗೆ ಶಿವದಾರವೂ ಕರಡಿಗೆಯೂ ದಿನವಿಡೀ ಉಜ್ಜುತ್ತಿರುತ್ತವೆ. ಅಂಥವರು ದಾರದ ಉದ್ದವನ್ನು ಹೆಚ್ಚು ಕಡಿಮೆ ಮಾಡಿ, ಕರಡಿಗೆ ಗಾಯಕ್ಕೆ ತಾಗದಂತೆ ಸರಿಪಡಿಸಿಕೊಳ್ಳಲಿ. ದಾರವನ್ನೂ ಒಗೆದು ಒಣಗಿಸಿರಬೇಕು.

ಇನ್ನು ಆರೈಕೆಯ ಕ್ರಮ. ಹಚ್ಚೆ ಹಾಕಿದವರು ಸುತ್ತಿಕೊಟ್ಟ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಕೆಲವು ಗಂಟೆಗಳಲ್ಲಿ ತೆಗೆಯಬೇಕು. ರಾತ್ರಿಯಿಡೀ ಬಿಟ್ಟರೆ ಬೆವರು ಮತ್ತು ರಸಿಕೆ ಅದರೊಳಗೇ ಕೊಳೆಯುತ್ತವೆ. ಕೆಲವರು ಅಂಟಿಸುವ ವೈದ್ಯಕೀಯ ಪಟ್ಟಿ ಬೇರೆ ಬಗೆಯದು. ಅದನ್ನು ಎಷ್ಟು ದಿನ ಬಿಡಬೇಕೆಂದು ಹಾಕಿದವರನ್ನೇ ಕೇಳಿಕೊಳ್ಳಬೇಕು. ಮೊದಲು ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿ. ಈ ಒಂದು ಮಾತನ್ನು ನಾವು ಎಷ್ಟು ಸಲ ಹೇಳಿದರೂ ಸಾಲದು. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಮತ್ತು ವಾಸನೆಯಿಲ್ಲದ ಸೌಮ್ಯ ಸಾಬೂನಿನಿಂದ ದಿನಕ್ಕೆರಡು ಬಾರಿ ಬೆರಳ ತುದಿಯಿಂದ ಮೃದುವಾಗಿ ತೊಳೆದು, ಒಗೆದ ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಬೇಕು, ಉಜ್ಜಬಾರದು. ತ್ರಿಫಲಾ ಕಷಾಯದಿಂದ ತೊಳೆಯಬಹುದೇ ಎಂದು ಕೇಳುವವರಿದ್ದಾರೆ. ವ್ರಣಶೋಧನಕ್ಕೆ ಅದು ಶ್ರೇಷ್ಠ, ಆದರೆ ಅದನ್ನು ಆಗಿಂದಾಗ ಕಾಸಿ ಸೋಸಿ ಬಳಸಬೇಕು. ನಿನ್ನೆಯ ಕಷಾಯ ಇಂದಿನ ವಿಷ. ಮನೆಯಲ್ಲಿ ಶುದ್ಧ ನೀರೇ ಸಾಕು.

ತೊಳೆದ ಮೇಲೆ ಸುಗಂಧವಿಲ್ಲದ ಮುಲಾಮನ್ನು ಮಿಂಚಿಯೂ ಮಿಂಚದಷ್ಟು ತೆಳ್ಳಗೆ ಹಚ್ಚಬೇಕು. ತುಪ್ಪ, ಕೊಬ್ಬರಿ ಎಣ್ಣೆಗಳನ್ನು ದಪ್ಪಗೆ ಬಳಿಯುವುದರಿಂದ ಚರ್ಮ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಜಾತ್ಯಾದಿ ತೈಲವನ್ನು ಅಂಗಡಿಯಿಂದ ತಾವೇ ಕೊಂಡು ಹಚ್ಚುವವರೂ ಉಂಟು. ಅದರಲ್ಲಿ ಮೈಲುತುತ್ತ ಸೇರಿರುತ್ತದೆ, ವೈದ್ಯರನ್ನು ಕೇಳದೆ ಹೊಸ ಹಚ್ಚೆಗೆ ಬಳಸಬೇಡಿ.

ಮೊದಲ ಎರಡು ಮೂರು ದಿನ ಕೆಂಪು, ಸ್ವಲ್ಪ ಬಾವು, ಶಾಯಿ ಬೆರೆತ ರಸಿಕೆ ಇರುವುದು ಸಹಜ. ನಾಲ್ಕನೆಯ ದಿನದಿಂದ ಹಕ್ಕಳೆ ಕಟ್ಟಿ ಸಿಪ್ಪೆಯೇಳುತ್ತದೆ, ತುರಿಕೆ ಸಹಿಸಲಾಗದಷ್ಟಾಗುತ್ತದೆ. ಪರೀಕ್ಷೆ ಇರುವುದು ಇಲ್ಲಿಯೇ. ಹಕ್ಕಳೆಯನ್ನು ಕಿತ್ತರೆ ಅದರೊಡನೆ ಬಣ್ಣವೂ ಹೋಗುತ್ತದೆ, ಕಲೆಯೂ ಉಳಿಯುತ್ತದೆ. ತುರಿಸಿದಾಗ ಶುಚಿಯಾದ ಅಂಗೈಯಿಂದ ಮೆಲ್ಲಗೆ ತಟ್ಟಿ ಸುಮ್ಮನಾಗಬೇಕು. ಎರಡರಿಂದ ನಾಲ್ಕು ವಾರಗಳಲ್ಲಿ ಮೇಲ್ಪದರ ಮಾಯುತ್ತದೆ. ಒಳಚರ್ಮಕ್ಕೆ ಇನ್ನೂ ಕೆಲವು ವಾರಗಳು ಬೇಕು. ಅಲ್ಲಿಯವರೆಗೆ ಕೆರೆ, ಹೊಳೆ, ಈಜುಕೊಳಗಳಲ್ಲಿ ಮುಳುಗಬಾರದು. ಪುಣ್ಯಸ್ನಾನವನ್ನು ಮುಂದೂಡಿದರೆ ಪುಣ್ಯವೇನೂ ಕರಗಿಹೋಗದು. ಬಿಸಿಲಿಗೆ ತೆರೆದಿಡಬಾರದು. ಸಗಣಿ, ಗೊಬ್ಬರ, ಗದ್ದೆಯ ಕೆಸರಿನಲ್ಲಿ ದುಡಿಯುವವರು ಕೆಲವು ದಿನ ಬೇರೆ ಕೆಲಸ ಮಾಡಲಿ, ಧನುರ್ವಾಯುವಿನ ಚುಚ್ಚುಮದ್ದನ್ನು ಮೊದಲೇ ಹಾಕಿಸಿಕೊಂಡಿರಲಿ.

ಪಥ್ಯವೇನು ಎಂಬುದು ನಮ್ಮ ಜನ ತಪ್ಪದೆ ಕೇಳುವ ಪ್ರಶ್ನೆ. ಬದನೆಕಾಯಿ ನಂಜೆಂಬ ಮಾತು ಹಳೆಯದು. ನಾಲ್ಕು ದಿನ ಬಿಟ್ಟರೆ ನಷ್ಟವಿಲ್ಲ. ತಿಂದರೆಂದು ಮನೆಯಲ್ಲಿ ಜಗಳವಾಡುವಷ್ಟೂ ಇಲ್ಲ. ಹಳೆಯ ಅಕ್ಕಿಯ ಅನ್ನ, ಹೆಸರುಬೇಳೆ, ನೆಲ್ಲಿಕಾಯಿ, ದಾಳಿಂಬೆ ಒಳ್ಳೆಯವು. ಮದ್ಯವಂತೂ ಬೇಡವೇ ಬೇಡ.

ಮೂರನೆಯ ದಿನದ ನಂತರ ಕೆಂಪು ಕಡಿಮೆಯಾಗದೆ ಹರಡುತ್ತಿದ್ದರೆ, ಕೀವು, ದುರ್ಗಂಧ, ಜ್ವರ, ಗಾಯದಿಂದ ಮೇಲೇರುವ ಕೆಂಪು ಗೆರೆ, ಕಂಕುಳು ಅಥವಾ ತೊಡೆಸಂದಿಯಲ್ಲಿ ಗಂಟು ಕಂಡರೆ ಮನೆಮದ್ದಿಗೆ ಅವಕಾಶವಿಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಆಯುರ್ವೇದದ ಅಭಿಮಾನಿಗಳು ಇದರಿಂದ ಮುಜುಗರಪಡಬೇಕಾಗಿಲ್ಲ. ಒಂದೇ ಬಣ್ಣದ ಭಾಗ, ಹೆಚ್ಚಾಗಿ ಕೆಂಪು ಬಣ್ಣದ ಭಾಗ, ವಾರಗಳ ಅಥವಾ ತಿಂಗಳುಗಳ ನಂತರ ತುರಿಸಿ ಉಬ್ಬಿದರೆ ಅದು ಶಾಯಿಯ ಅಲರ್ಜಿಯಿರಬಹುದು, ಚರ್ಮವೈದ್ಯರಿಗೆ ತೋರಿಸಿ. ಮಧುಮೇಹ ಹತೋಟಿಯಲ್ಲಿಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಂದೆ ಗಾಯದ ಕಲೆ ಗಂಟಾಗಿ ಬೆಳೆದವರು ಹಚ್ಚೆಗೆ ಮೊದಲೇ ವೈದ್ಯರನ್ನು ಕಾಣಬೇಕು.

ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ, ಒಂದೇ ಬಟ್ಟಲಿನ ಶಾಯಿಯನ್ನು ಹಲವರಿಗೆ ಅದ್ದಿದರೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ಹರಡುವ ಅಪಾಯವಿದೆ. ಎಷ್ಟು ಒಳ್ಳೆಯ ಆರೈಕೆಯೂ ಇವನ್ನು ತಡೆಯಲಾರದು. ಜಾತ್ರೆಯ ಬೀದಿಯಲ್ಲಿ ಕುಳಿತು ಹಾಕಿಸಿಕೊಂಡವರು ನಾಚಿಕೊಳ್ಳದೆ ವೈದ್ಯರಿಗೆ ತಿಳಿಸಿ, ಅವರು ಹೇಳಿದ ಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಶ್ರೀಮಠಗಳಲ್ಲಿ ಜಯಂತಿಯ ಸಂದರ್ಭದಲ್ಲಿ ರಕ್ತದಾನ ಶಿಬಿರಗಳು ನಡೆಯುವುದು ವಾಡಿಕೆ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷದವರೆಗೆ ರಕ್ತ ಕೊಡುವಂತಿಲ್ಲ. ಶಿಬಿರದ ಅರ್ಜಿಯಲ್ಲಿ ಈ ಪ್ರಶ್ನೆ ಬಂದಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ. ಮುಂದಿನ ವರ್ಷದ ಶಿಬಿರದಲ್ಲಿ ಕೊಡಬಹುದು.