ಗ್ರಂಥಪಾಲಕರ ಓದು

ಗ್ರಂಥಾಲಯ ವಿಜ್ಞಾನದಲ್ಲಿ ಪದವಿ ಪಡೆದು ಹುದ್ದೆಗೆ ಸೇರಿದ ಗ್ರಂಥಪಾಲಕರು ಅಲ್ಲಿಂದ ಮುಂದೆ ತಮ್ಮ ವೃತ್ತಿಯ ಬಗ್ಗೆ ಏನನ್ನು ಓದುತ್ತಾರೆ ಎಂಬ ಪ್ರಶ್ನೆ ಒಂದು ಇಲಾಖೆಯ ಒಳಗಿನ ಸಂಗತಿಯಂತೆ ತೋರಿದರೂ, ಗ್ರಂಥಾಲಯಕ್ಕೆ ಬರುವ ಪ್ರತಿಯೊಬ್ಬ ಓದುಗರಿಗೂ ಅದು ನೇರವಾಗಿ ಸಂಬಂಧಿಸಿದ್ದು. ಯಾವ ಪುಸ್ತಕವನ್ನು ಕೊಳ್ಳಬೇಕು, ಅದನ್ನು ಯಾವ ಕಪಾಟಿನಲ್ಲಿಡಬೇಕು, ಯಾವ ಹೆಸರಿನಲ್ಲಿ ಹುಡುಕಿದರೆ ಅದು ಸಿಗಬೇಕು ಎಂಬ ನಿರ್ಧಾರಗಳೆಲ್ಲ ಓದುಗರ ಕಣ್ಣಿಗೆ ಬೀಳದೆ ನಡೆಯುತ್ತವೆ. ಅವು ತಪ್ಪಿದರೆ ಪುಸ್ತಕ ಗ್ರಂಥಾಲಯದಲ್ಲಿದ್ದೂ ಇಲ್ಲದಂತಾಗುತ್ತದೆ. ಸಾರ್ವಜನಿಕ ಗ್ರಂಥಾಲಯಗಳ ಕುರಿತು ಯುನೆಸ್ಕೋ 1949ರಲ್ಲಿ ಮೊದಲ ಬಾರಿಗೆ ಹೊರಡಿಸಿದ ಪ್ರಣಾಳಿಕೆಯನ್ನು 1994ರಲ್ಲಿ ಪರಿಷ್ಕರಿಸಿದಾಗ, ಗ್ರಂಥಪಾಲಕರ ನಿರಂತರ ಶಿಕ್ಷಣವಿಲ್ಲದೆ ತಕ್ಕ ಸೇವೆ ಸಾಧ್ಯವಿಲ್ಲವೆಂಬ ಆಶಯವನ್ನು ಅದರಲ್ಲಿ ಸ್ಪಷ್ಟವಾಗಿ ಸೇರಿಸಲಾಗಿತ್ತು. ನಿರಂತರ ಶಿಕ್ಷಣದಲ್ಲಿ ತರಬೇತಿ ಶಿಬಿರಗಳಿಗೂ ವಿಚಾರಸಂಕಿರಣಗಳಿಗೂ ಸ್ಥಾನವಿದೆ. ಆದರೆ ಮೇಲಧಿಕಾರಿಯ ಅನುಮತಿಯನ್ನೂ ಪ್ರಯಾಣಭತ್ಯೆಯನ್ನೂ ಕಾಯದೆ ವರ್ಷವಿಡೀ ನಡೆಯಬಲ್ಲದ್ದು ಓದು ಮಾತ್ರ.

ಭಾರತದಲ್ಲಿ ಈ ಓದು ಎಸ್. ಆರ್. ರಂಗನಾಥನ್ ಅವರ ‘ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು’ ಎಂಬ ಕೃತಿಯಿಂದ ಮೊದಲಾಗುವುದು ಸಹಜ. ಗಣಿತದ ಅಧ್ಯಾಪಕರಾಗಿದ್ದ ರಂಗನಾಥನ್ 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ಅಧಿಕಾರ ವಹಿಸಿಕೊಂಡಾಗ ಆ ಕೆಲಸದಲ್ಲಿ ಅವರಿಗೆ ಒಲವಿರಲಿಲ್ಲ. ಅದೇ ವರ್ಷ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಗಿ, ಡಬ್ಲ್ಯು. ಸಿ. ಬರ್ವಿಕ್ ಸೇಯರ್ಸ್ ಅವರಲ್ಲಿ ವರ್ಗೀಕರಣವನ್ನು ಕಲಿತು, ಬ್ರಿಟನ್ನಿನ ಹಲವು ಗ್ರಂಥಾಲಯಗಳನ್ನು ಸುತ್ತಿ ನೋಡಿದ ಬಳಿಕವೇ ಅವರ ದೃಷ್ಟಿ ಬದಲಾಯಿತು. 1931ರಲ್ಲಿ ಮದರಾಸು ಗ್ರಂಥಾಲಯ ಸಂಘ ಪ್ರಕಟಿಸಿದ ಈ ಕೃತಿಯಲ್ಲಿ ಅವರು ಇಡೀ ವೃತ್ತಿಯನ್ನು ಐದು ಮೂಲತತ್ತ್ವಗಳಿಗೆ ಇಳಿಸಿದರು: ಗ್ರಂಥಗಳಿರುವುದು ಉಪಯೋಗಕ್ಕೆ, ಪ್ರತಿಯೊಬ್ಬ ಓದುಗರಿಗೂ ಅವರವರ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗರು ಸಿಗಬೇಕು, ಓದುಗರ ಸಮಯ ಉಳಿಯಬೇಕು, ಗ್ರಂಥಾಲಯ ಎಂದಿಗೂ ಬೆಳೆಯುತ್ತಲೇ ಇರುವ ಜೀವಿ ಎಂಬುದು ಅವುಗಳ ತಾತ್ಪರ್ಯ.

ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಈ ಐದು ಸೂತ್ರಗಳು ಬಾಯಿಪಾಠವಾಗಿರುತ್ತವೆ. ತೊಂದರೆ ಇರುವುದೂ ಅಲ್ಲಿಯೇ. ಪರೀಕ್ಷೆಗೆ ಐದು ವಾಕ್ಯಗಳು ಸಾಕಾಗುವುದರಿಂದ, ಅವುಗಳನ್ನು ವಿವರಿಸುವ ಪುಟಗಳು ಓದದೆಯೇ ಉಳಿದುಬಿಡುತ್ತವೆ. ಕೃತಿಯ ಸತ್ತ್ವವಿರುವುದಾದರೋ ಆ ಪುಟಗಳಲ್ಲಿ. ಪುಸ್ತಕಗಳಿರುವುದು ಉಪಯೋಗಕ್ಕೆ ಎಂಬ ಮೊದಲ ಸೂತ್ರವನ್ನು ಕೇಳಿದವರಿಗೆ ಅದರಲ್ಲಿ ಹೊಸತೇನಿದೆ ಎನಿಸಬಹುದು. ಆದರೆ ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದ ಕಾಲದಿಂದ ಹೊರಟು, ಗ್ರಂಥಾಲಯ ಊರಿನ ಯಾವ ಭಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಅದರ ಪೀಠೋಪಕರಣಗಳು ಹೇಗಿರಬೇಕು, ಅಲ್ಲಿ ಎಂಥ ಸಿಬ್ಬಂದಿ ಬೇಕು ಎಂಬ ಪ್ರಶ್ನೆಗಳನ್ನೆಲ್ಲ ರಂಗನಾಥನ್ ಆ ಒಂದೇ ಸೂತ್ರದಿಂದ ಬಿಡಿಸುತ್ತ ಹೋಗುತ್ತಾರೆ. ಕೈಗೆಟುಕದ ಎತ್ತರದ ಕಪಾಟು, ಬೀಗ ಹಾಕಿದ ಗಾಜಿನ ಬೀರು, ದುಡಿಯುವವರು ಬಿಡುವಾಗುವ ಹೊತ್ತಿಗೆ ಮುಚ್ಚುವ ಬಾಗಿಲು ಇವೆಲ್ಲವೂ ಆ ಸೂತ್ರದ ಉಲ್ಲಂಘನೆಗಳೇ ಎಂಬ ಅರಿವು ಈ ಪುಟಗಳನ್ನು ಓದಿದವರಿಗೆ ಬರುತ್ತದೆ, ಸೂತ್ರವನ್ನಷ್ಟೇ ಬರೆದು ಅಂಕ ಪಡೆದವರಿಗೆ ಬರಬೇಕೆಂದೇನಿಲ್ಲ.

ವರ್ಗೀಕರಣದ ವಿಷಯದಲ್ಲಿ ಓದಿನ ಅಗತ್ಯ ಇನ್ನೂ ತೀವ್ರವಾದದ್ದು. ವರ್ಗೀಕರಣವೆಂದರೆ ಪುಸ್ತಕಗಳನ್ನು ವಿಷಯಕ್ಕನುಗುಣವಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಸಂಬಂಧಪಟ್ಟ ಪುಸ್ತಕಗಳು ಒಂದರ ಪಕ್ಕದಲ್ಲೊಂದು ಬರುವಂತೆ ಜೋಡಿಸುವ ಕ್ರಮ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ರೂಪಿಸಿದ ದಶಮಾಂಶ ಪದ್ಧತಿಯು ಧರ್ಮಕ್ಕೆ ಮೀಸಲಿಟ್ಟ 200ರಿಂದ 299ರವರೆಗಿನ ಸಂಖ್ಯೆಗಳಲ್ಲಿ 220ರಿಂದ 289ರವರೆಗಿನವನ್ನು ಬೈಬಲ್ಲಿಗೂ ಕ್ರೈಸ್ತ ಧರ್ಮಕ್ಕೂ ಕೊಟ್ಟು, ಜಗತ್ತಿನ ಉಳಿದ ಧರ್ಮಗಳನ್ನೆಲ್ಲ 290ರ ಒಂದೇ ವಿಭಾಗಕ್ಕೆ ಸೇರಿಸಿತು. ಆ ಪದ್ಧತಿಯನ್ನು ಬಳಸುವ ಗ್ರಂಥಾಲಯಕ್ಕೆ ಬಸವಣ್ಣನವರ ವಚನಗಳ ಸಂಪುಟವೊಂದು ಬಂದಾಗ, ಅದನ್ನು ಕನ್ನಡ ಸಾಹಿತ್ಯದ 894.814ರ ಅಡಿಯಲ್ಲಿ ಇಡಬೇಕೋ ಧರ್ಮದ ವಿಭಾಗಕ್ಕೆ ಕಳಿಸಬೇಕೋ ಎಂಬ ಪ್ರಶ್ನೆ ಏಳುತ್ತದೆ. ಎಲ್ಲಿ ಇಟ್ಟರೂ ಇನ್ನೊಂದು ಕಡೆ ಹುಡುಕುವವರಿಗೆ ಅದು ಕಾಣದು; ಆದ್ದರಿಂದ ಕಪಾಟಿನಲ್ಲಿ ಒಂದು ಸ್ಥಾನ ಕೊಟ್ಟು, ಸೂಚಿಯಲ್ಲಿ, ಅಂದರೆ ಗ್ರಂಥಾಲಯದಲ್ಲಿ ಏನೇನಿದೆಯೆಂದು ತಿಳಿಸುವ ಕ್ರಮಬದ್ಧ ಪಟ್ಟಿಯಲ್ಲಿ, ಎರಡೂ ವಿಷಯಗಳ ಕೆಳಗೆ ಅದನ್ನು ದಾಖಲಿಸಬೇಕಾಗುತ್ತದೆ. ಪದ್ಧತಿಯೊಂದರ ಹಿಂದಿರುವ ವಿಚಾರವನ್ನು ಓದಿ ಬಲ್ಲವರು ಮಾತ್ರ ಅದರ ಮಿತಿಯನ್ನು ಗುರುತಿಸಿ ಹೀಗೆ ದಾರಿ ಹುಡುಕಬಲ್ಲರು.

ಅಂಥ ಮಿತಿಗಳನ್ನು ಗುರುತಿಸಿದ ಒಬ್ಬ ಗ್ರಂಥಪಾಲಕರೆಂದರೆ ಅಮೆರಿಕದ ಸ್ಯಾನ್‌ಫರ್ಡ್ ಬರ್ಮನ್. ಜಾಂಬಿಯಾದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರೂಪಿಸಿದ ವಿಷಯ ಶೀರ್ಷಿಕೆಗಳಲ್ಲಿ, ಅಂದರೆ ಪುಸ್ತಕದ ವಿಷಯವನ್ನು ಹೆಸರಿಸಲು ಸೂಚಿಯಲ್ಲಿ ಬಳಸುವ ನಿಗದಿತ ಪದಗಳಲ್ಲಿ, ಆಫ್ರಿಕಾದ ಜನರನ್ನು ಹೀನಾಯವಾಗಿ ಕರೆಯುವ ಪದವೂ ಸೇರಿರುವುದು ಅವರ ಅರಿವಿಗೆ ಬಂತು. ಆ ಪಟ್ಟಿಯನ್ನು ಅವರು ಅಲ್ಲಿಂದ ಮುಂದೆ ಸಾಲುಸಾಲಾಗಿ ಪರಿಶೀಲಿಸಿ, ಜನಾಂಗ, ಲಿಂಗ, ಧರ್ಮಗಳ ವಿಷಯದಲ್ಲಿ ಅದರಲ್ಲಿ ಅಡಗಿದ್ದ ಪೂರ್ವಗ್ರಹಗಳನ್ನು 1971ರಲ್ಲಿ ಪುಸ್ತಕವಾಗಿ ಹೊರತಂದರು. ಆ ಬಳಿಕ ಹಲವು ಶೀರ್ಷಿಕೆಗಳು ಬದಲಾದವು. ದಿನನಿತ್ಯ ಬಳಸುವ ಸಲಕರಣೆಯನ್ನೇ ವಿಮರ್ಶೆಯ ಕಣ್ಣಿನಿಂದ ಓದುವುದು ವೃತ್ತಿಪರ ಓದಿನ ಅತ್ಯಂತ ಫಲಪ್ರದವಾದ ಬಗೆ ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಕನ್ನಡದ ಸೂಚಿಗಳಲ್ಲಿಯೂ ಇಂಥ ಕೆಲಸಕ್ಕೆ ಅವಕಾಶ ಹೇರಳವಾಗಿದೆ. ಕುವೆಂಪು ಎಂದೂ ಕೆ. ವಿ. ಪುಟ್ಟಪ್ಪ ಎಂದೂ, ಬೇಂದ್ರೆ ಎಂದೂ ಅಂಬಿಕಾತನಯದತ್ತ ಎಂದೂ ಒಬ್ಬರೇ ಲೇಖಕರು ಎರಡು ಹೆಸರುಗಳಲ್ಲಿ ಚದುರಿಹೋಗದಂತೆ, ಒಂದು ಅಧಿಕೃತ ರೂಪವನ್ನು ಗೊತ್ತುಮಾಡಿ ಉಳಿದವುಗಳಿಂದ ಅದಕ್ಕೆ ದಾರಿ ತೋರಿಸುವ ಕ್ರಮವನ್ನು ಕಲಿಯದೆ, ಗ್ರಂಥಾಲಯವನ್ನು ಗಣಕೀಕರಿಸಿದರೆ ಗೊಂದಲ ಬೇಗ ಹರಡುತ್ತದೆ ಅಷ್ಟೆ.

ಹೊಸ ಬೆಳವಣಿಗೆಗಳನ್ನು ತಿಳಿಯಲು ನಿಯತಕಾಲಿಕೆಗಳು ಬೇಕು. ಭಾರತದಲ್ಲಿ 1954ರಲ್ಲಿ ದೆಹಲಿಯ ಇನ್ಸ್‌ಡಾಕ್ ಸಂಸ್ಥೆ ಆರಂಭಿಸಿದ ‘ಆನಲ್ಸ್ ಆಫ್ ಲೈಬ್ರರಿ ಸೈನ್ಸ್’ ಹೆಸರು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದ್ದು, ಅದರ ಲೇಖನಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ಬೆಂಗಳೂರಿಗೂ ಈ ಪರಂಪರೆಯಲ್ಲಿ ಹಿರಿದಾದ ಪಾಲಿದೆ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ 1962ರಲ್ಲಿ ರಂಗನಾಥನ್ ಇಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಅಂದರೆ ಡಿಆರ್‌ಟಿಸಿ, ಸಂಶೋಧಕರಿಗೆ ಬೇಕಾದ ಸೂಕ್ಷ್ಮ ಮಾಹಿತಿಯನ್ನು ಕಲೆಹಾಕಿ ಒದಗಿಸುವ ಪ್ರಲೇಖನ ಶಾಸ್ತ್ರಕ್ಕೆ ದೇಶದಲ್ಲಿ ನೆಲೆಯೊದಗಿಸಿತು. 1972ರಲ್ಲಿ ತೀರಿಕೊಳ್ಳುವವರೆಗೂ ಅವರ ಬರವಣಿಗೆ ಬೆಂಗಳೂರಿನಲ್ಲಿಯೇ ಮುಂದುವರಿಯಿತು.

ವೃತ್ತಿಯ ಬಗೆಗಿನ ಪುಸ್ತಕಗಳಷ್ಟೇ ಈ ಓದಿನ ವ್ಯಾಪ್ತಿಯೆಂದು ಭಾವಿಸಬೇಕಾಗಿಲ್ಲ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ತಾಳೆಗರಿಗಳನ್ನು ಸುಮ್ಮನೆ ಪಟ್ಟಿಗೆ ಸೇರಿಸಿ ಎತ್ತಿಡದೆ ಓದಿ ನೋಡಿದ್ದರಿಂದಲೇ, ಕಳೆದುಹೋಗಿದೆಯೆಂದು ತಿಳಿಯಲಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮರಳಿ ದೊರೆಯಿತು. 1909ರಲ್ಲಿ ಅದರ ಮೂಲಪಾಠವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅವರಿಂದ ಪ್ರಕಟವಾದವು. ತನ್ನ ವಶದಲ್ಲಿರುವ ಸಂಗ್ರಹವನ್ನು ಓದಿ ಬಲ್ಲವನಾಗಬೇಕೆಂಬ ಹಂಬಲ ಯಾವ ಸೇವಾ ನಿಯಮಗಳಲ್ಲಿಯೂ ಬರೆದಿರುವುದಿಲ್ಲ. ಆದರೆ ಈ ನಾಡಿನ ಗ್ರಂಥಾಲಯ ಚರಿತ್ರೆಯಲ್ಲಿ ಅದಕ್ಕಿಂತ ಹೆಮ್ಮೆಯ ಅಧ್ಯಾಯವಿಲ್ಲ.

ಕರ್ನಾಟಕದ ಸಾರ್ವಜನಿಕ ಗ್ರಂಥಪಾಲಕರು ತಪ್ಪದೆ ಓದಬೇಕಾದ ಇನ್ನೊಂದು ಬರಹ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಸಂಗ್ರಹಿಸಿ ಗ್ರಂಥಾಲಯಗಳಿಗೆ ಒದಗಿಸುವ ಏರ್ಪಾಡೂ ಸ್ಥಳೀಯ ಗ್ರಂಥಾಲಯ ಪ್ರಾಧಿಕಾರಗಳ ರಚನೆಯೂ ಅದರಲ್ಲಿವೆ. ತಮ್ಮ ಗ್ರಂಥಾಲಯಕ್ಕೆ ಬರಬೇಕಾದ ಹಣದ ಮೂಲ ಯಾವುದೆಂದು ಕಾಯ್ದೆಯಿಂದಲೇ ತಿಳಿದವರು ಅದನ್ನು ಕೇಳುವ ರೀತಿ ಬೇರೆಯಾಗಿರುತ್ತದೆ.

ಆದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವೊಂದರ ಮೇಲ್ವಿಚಾರಕರು ಇವೆಲ್ಲವನ್ನೂ ಓದಲು ಹೊರಟರೆ ಎದುರಾಗುವ ಮೊದಲ ಅಡ್ಡಿ ಇಂಗ್ಲಿಷ್. ಕನ್ನಡದಲ್ಲಿ ಸಿಗುವ ಗ್ರಂಥಾಲಯ ವಿಜ್ಞಾನದ ಪುಸ್ತಕಗಳಲ್ಲಿ ಬಹುಪಾಲು ಪರೀಕ್ಷೆಯ ಪಠ್ಯಕ್ರಮವನ್ನು ಅನುಸರಿಸಿ ಬರೆದವು; ಮಕ್ಕಳಿಗೆ ಗಟ್ಟಿಯಾಗಿ ಓದಿಹೇಳುವ ಬಗೆ, ಗೆದ್ದಲು ಹಿಡಿದ ಪುಸ್ತಕಗಳ ರಕ್ಷಣೆ, ಅಕ್ಷರ ಕಲಿಯುತ್ತಿರುವ ಹಿರಿಯರಿಗೆ ತಕ್ಕ ಪುಸ್ತಕಗಳ ಆಯ್ಕೆ ಮೊದಲಾದ ನಿತ್ಯದ ಕೆಲಸಗಳನ್ನು ಕುರಿತು ಸಣ್ಣ ಕೈಪಿಡಿಗಳು ಕನ್ನಡದಲ್ಲಿ ಬರಬೇಕಾಗಿದೆ. ತಾಲ್ಲೂಕು ಮಟ್ಟದಲ್ಲಿ ತಿಂಗಳಿಗೊಮ್ಮೆ ಗ್ರಂಥಪಾಲಕರು ಕೆಲಸದ ಅವಧಿಯಲ್ಲಿಯೇ ಸೇರಿ ಒಂದು ಅಧ್ಯಾಯವನ್ನು ಒಟ್ಟಿಗೆ ಓದಿ ಚರ್ಚಿಸಲು ಅನುಮತಿ ಕೊಡುವುದಕ್ಕೆ ದೊಡ್ಡ ಅನುದಾನವೇನೂ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಪಂಚಸೂತ್ರಗಳ ಮೊದಲ ಅಧ್ಯಾಯದ ಸರಳ ಕನ್ನಡ ರೂಪದಿಂದ ಅದನ್ನು ಆರಂಭಿಸಬಹುದು.